ಕೆನ್ನೆಗೆ ತಾಗದ ಗಂಟು

ನಂಜನಗೂಡಿನಿಂದ ಮುಡುಕುತೊರೆಗೆ ಹೊರಟವನು ಟಿ. ನರಸೀಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ರೇಷ್ಮೆಗೂಡು ಬೇಯುವ ವಾಸನೆ ಹಿಡಿದು ಪಕ್ಕದ ಬೀದಿಗೆ ಹೋದೆ. ತಗಡಿನ ಶೆಡ್ಡಿನಲ್ಲಿ ನಾಲ್ಕು ಒಲೆಗಳಿದ್ದವು, ಉರಿಯುತ್ತಿದ್ದುದು ಒಂದೇ. ಅದರ ಮುಂದೆ ಕೂತ ಚಿಕ್ಕತಾಯಮ್ಮ ಎಂಬ ಹೆಂಗಸು ಬಿಸಿನೀರಿಗೆ ಬೆರಳದ್ದಿ, ಗೂಡಿನಿಂದ ಎಳೆ ಹುಡುಕಿ ತೆಗೆಯುತ್ತಿದ್ದರು.

ಮಿಕ್ಕ ಒಲೆಗಳೇಕೆ ಆರಿವೆ ಎಂದು ಕೇಳಿದೆ.

"ಚೀನಾ ನೂಲು ಬತ್ತಾ ಅದಲ್ಲ ಸಾ. ನಮ್ದು ಯಾರು ಕೇಳ್ತಾರೆ."

ಹಿಂದಿನ ದಿನವಷ್ಟೇ ನಂಜನಗೂಡಿನ ಕಾಲೇಜೊಂದರಲ್ಲಿ, ನೆರೆಯ ದೇಶಗಳೆಲ್ಲ ಸುಂಕ ತೆಗೆದು ಒಂದೇ ಮಾರುಕಟ್ಟೆಯಾಗಬೇಕು ಎಂದು ವಾದಿಸಿ, ಚಪ್ಪಾಳೆ ಗಿಟ್ಟಿಸಿ, ರೇಷ್ಮೆ ಶಾಲು ಹೊದಿಸಿಕೊಂಡಿದ್ದೆ. ಆ ಶಾಲು ಕೈಚೀಲದಲ್ಲೇ ಇತ್ತು. ಇದಾದರೂ ನಮ್ಮದಿರಲಿ ಎಂಬ ಆಸೆಯಿಂದ ಅವರ ಕೈಗೆ ಕೊಟ್ಟೆ.

ಅವರು ಕೈ ಒರೆಸಿಕೊಂಡು ಶಾಲಿನ ಅಂಚನ್ನು ಕೆನ್ನೆಗೆ ಒತ್ತಿಕೊಂಡರು. "ಬೆರಳು ಬೆಂದು ಬೆಂದು ಮರಗಟ್ಟೋಗವೆ ಸಾ, ಕೆನ್ನೆಗೇ ಗೊತ್ತಾಗೋದು." ಅಂಚನ್ನು ಮತ್ತೊಮ್ಮೆ ಕೆನ್ನೆಯ ಮೇಲೆ ಎಳೆದು ನೋಡಿ ಹೇಳಿದರು: "ನಮ್ದಲ್ಲ. ನಮ್ಮ ನೂಲಲ್ಲಿ ಗಂಟು ತಾಗ್ತದೆ, ಇದ್ರಲ್ಲಿ ಒಂದೂ ಇಲ್ಲ. ಚೀನಾದ್ದೇ. ಚೆನ್ನಾಗದೆ."

ನನ್ನ ಭಾಷಣದ ವಿಷಯ ಹೇಳಿದೆ. ಬೈದಿದ್ದರೆ ವಾಸಿಯಿತ್ತು.

"ಬರ್ಲಿ ಬುಡಿ ಸಾ. ಆ ಚೀನಾದೋರೂ ಬಿಸ್ನೀರಿಗೆ ಕೈ ಇಕ್ಕೋರೇ ಅಲ್ವಾ. ನಮ್ಮುನ್ನೂ ಒಂದು ಮಾತು ಕೇಳ್ಬೇಕಾಗಿತ್ತು, ಅಷ್ಟೇಯ," ಎಂದು ಶಾಲನ್ನು ಮೊದಲಿಗಿಂತ ಅಚ್ಚುಕಟ್ಟಾಗಿ ಮಡಿಸಿಕೊಟ್ಟರು.

ಬಸ್ಸಿನಲ್ಲಿ ಕೂತು ಅದನ್ನು ನನ್ನ ಕೆನ್ನೆಗೂ ಒತ್ತಿ ನೋಡಿದೆ. ಏನೂ ತಿಳಿಯಲಿಲ್ಲ.