ಹಾಡುಗಾತಿಯ ನಾಲ್ಕು ಪುಟ

ದಾಳ ಹಾಕಿ ಕಥೆ ಕಟ್ಟುವ ಆ ಆಟ ನನಗೆ ಕಲಿಸಿದ್ದು ಹುಣಸೂರಿನ ಒಬ್ಬ ಹಲ್ಲಿನ ಡಾಕ್ಟರು. ಮೈಸೂರಿನಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಆಡುತ್ತಿದ್ದರಂತೆ. ಊರಿಗೆ ಬಂದು ಕ್ಲಿನಿಕ್ ಹಾಕಿದ ಮೇಲೆ ಜೊತೆಗೆ ಆಡುವವರು ಸಿಗದೆ, ಬಂದ ಪೇಷೆಂಟುಗಳಲ್ಲೇ ಆಟಗಾರರನ್ನು ಹುಡುಕತೊಡಗಿದರು. ಮೊದಲು ಸಿಕ್ಕವಳು ನನ್ನ ಗೆಳತಿ. ನಾವಿಬ್ಬರೂ ಮಿರ್ಲೆಯವರು, ಒಂದೇ ಬೀದಿಯವರು, ಡಿಗ್ರಿವರೆಗೂ ಒಂದೇ ಬೆಂಚಿನಲ್ಲಿ ಕೂತವರು. ಅವಳು ಮದುವೆಯಾಗಿ ಪಿರಿಯಾಪಟ್ಟಣಕ್ಕೆ ಹೋಗಿ ಅಲ್ಲೇ ಸ್ಕೂಲಲ್ಲಿ ಪಾಠ ಮಾಡುತ್ತಿದ್ದಳು. ನಾನು ಕೆ.ಆರ್. ನಗರದಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದೆ. ಈಗಲೂ ಇದೆ.

"ಬಾರೇ, ಚೆನ್ನಾಗೈತೆ. ಸುಳ್ಳು ಸುಳ್ಳೇ ರಾಣಿ ಆಗ್ಬೋದು" ಎಂದು ಅವಳೇ ನನ್ನನ್ನು ಎಳೆದುಕೊಂಡು ಹೋದಳು. ನಾಲ್ಕನೆಯವನು ಎನ್. ಬೇಗೂರು ಎಂಬ ಊರಿನ ಕಡೆಯ ಜೀಪ್ ಡ್ರೈವರ್. ಬುದ್ಧಿಹಲ್ಲು ಕೀಳಿಸಲು ಬಂದವನು ಆಟಕ್ಕೆ ಬಿದ್ದಿದ್ದ.

ಭಾನುವಾರ ಪಾರ್ಲರಿಗೆ ಗಿರಾಕಿ ಜಾಸ್ತಿ. ಆದರೂ ಒಂದು ಗಂಟೆಗೆಲ್ಲ ಶಟರ್ ಎಳೆದು ಹುಣಸೂರಿನ ಬಸ್ಸು ಹತ್ತುತ್ತಿದ್ದೆ. ಮುಚ್ಚಿದ ಕ್ಲಿನಿಕ್ಕಿನಲ್ಲಿ, ಪೇಷೆಂಟುಗಳು ಕಾಯುವ ಜಾಗದಲ್ಲಿ ಮೇಜು ಎಳೆದುಕೊಂಡು ಕೂರುತ್ತಿದ್ದೆವು. ಡಾಕ್ಟರು ಕಥೆ ನಡೆಸುತ್ತಿದ್ದರು. ನಾವು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಕಥೆಯೊಳಗೆ ಏನು ಮಾಡುತ್ತೇವೆ, ಏನು ಹೇಳುತ್ತೇವೆ ಎಂದು ಬಾಯಲ್ಲಿ ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ, ಅಂಕಿ ದೊಡ್ಡದಾದಷ್ಟೂ ಒಳ್ಳೆಯದು. ಗೆಳತಿ ಬಿಲ್ಲುಗಾತಿ. ಡ್ರೈವರ್ ಕೊಡಲಿ ಹಿಡಿದ ಜಟ್ಟಿ. ನಾನು ಹಾಡುಗಾತಿ.

ಹಾಡುಗಾತಿಯನ್ನು ನನಗೆ ಆರಿಸಿಕೊಟ್ಟವರು ಡಾಕ್ಟರೇ. "ಇವಳಿಗೆ ಎಲ್ಲಾ ಬರುತ್ತೆ ಕಣ್ರೀ. ಹಾಡ್ತಾಳೆ, ಗಾಯಕ್ಕೆ ಔಷಧಿ ಹಾಕ್ತಾಳೆ, ಬೀಗ ತೆಗೀತಾಳೆ, ಮಾತಲ್ಲಿ ಯಾರನ್ನ ಬೇಕಾದ್ರೂ ಒಪ್ಪಿಸ್ತಾಳೆ" ಎಂದರು. ಹುಬ್ಬು ತೀಡುವುದು, ಮೆಹಂದಿ, ಸೀರೆ ಉಡಿಸುವುದು, ಮದುವೆ ಹೆಣ್ಣಿನ ಜಡೆ, ಬ್ಲೌಸಿಗೆ ಹುಕ್ಕು ಹಾಕುವುದು, ಅಳುವ ಮದುಮಗಳನ್ನು ಸಮಾಧಾನ ಮಾಡುವುದು, ಎಲ್ಲವನ್ನೂ ಒಂದಿಷ್ಟು ಮಾಡಿಯೇ ಬದುಕುತ್ತಿದ್ದವಳು ನಾನು. ಹಾಡುಗಾತಿ ನನಗೆ ಒಗ್ಗಿಬಿಟ್ಟಳು. ಒಂದು ಸಲ ಸೆರೆಮನೆಯ ಕಾವಲುಗಾರರಿಗೆ ನಮ್ಮಮ್ಮನ ಸೋಬಾನೆ ಹಾಡಿ ನಿದ್ದೆ ಬರಿಸಿದ್ದೆ. ಡ್ರೈವರ್ ಎದ್ದು ನಿಂತು ಶಿಳ್ಳೆ ಹೊಡೆದಿದ್ದ.

ಐದಾರು ತಿಂಗಳಾದ ಮೇಲೆ ಡಾಕ್ಟರು, "ನಿಮ್ಮ ಪಾತ್ರದ ಹಳೇ ಕಥೆ ಬರ್ಕೊಡಿ. ಬೇರೆಯವರಿಗೆ ಗೊತ್ತಿಲ್ದೇ ಇರೋದು ಏನಾದ್ರೂ ಇರ್ಲಿ" ಎಂದರು. ನಾನು ಪಾರ್ಲರಿನ ಅಪಾಯಿಂಟ್‌ಮೆಂಟ್ ಪುಸ್ತಕದಿಂದ ಹಾಳೆ ಕಿತ್ತು ನಾಲ್ಕು ಪುಟ ಬರೆದೆ. ಹಾಡುಗಾತಿಗೆ ಒಬ್ಬಳು ಗೆಳತಿಯಿದ್ದಳು, ಇವಳಿಗಿಂತ ಚೆನ್ನಾಗಿ ಹಾಡುತ್ತಿದ್ದಳು. ಅರಮನೆಯಲ್ಲಿ ಹಾಡಲು ಒಬ್ಬರಿಗೆ ಮಾತ್ರ ಕರೆ ಬಂದಾಗ ಹಾಡುಗಾತಿ ಗುರುಗಳ ಹತ್ತಿರ ಹೋಗಿ, ಅವಳ ಅಪ್ಪ ಕಳಿಸುವುದಿಲ್ಲವಂತೆ ಎಂದು ಸುಳ್ಳು ಹೇಳಿ ತಾನೇ ಹೋದಳು. ಹೀಗೆ ಬರೆದಿದ್ದೆ.

ಅದರಲ್ಲಿ ಅರಮನೆ ಎಂಬುದೊಂದೇ ಸುಳ್ಳು. ನಿಜದಲ್ಲಿ ಅದು ಮೈಸೂರಿನಲ್ಲಿ ನಡೆದ ಕಾಲೇಜು ಮಕ್ಕಳ ಹಾಡಿನ ಸ್ಪರ್ಧೆ. ಮೇಡಂ ಕೇಳಿದ ದಿನ ಗೆಳತಿ ಜ್ವರ ಬಂದು ಮಲಗಿದ್ದಳು. "ಅವರಪ್ಪ ಬೇಡ ಅಂದ್ರಂತೆ ಮೇಡಂ" ಎಂದೆ. ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ. ನಾನು ಹೋದೆ, ಹಾಡಿದೆ, ಯಾವ ಬಹುಮಾನವೂ ಬರಲಿಲ್ಲ. ಮೇಡಂ ಗೆಳತಿಗೆ, "ನಿಮ್ಮನೇಲಿ ಬೇಡ ಅಂದ್ರಂತಲ್ಲಮ್ಮ" ಎಂದರು. ಅವಳು ಅದನ್ನು ನಂಬಿ ತಲೆ ಅಲ್ಲಾಡಿಸಿದಳು. ಅಪ್ಪನನ್ನು ಎದುರು ನಿಂತು ಕೇಳುವ ಹುಡುಗಿಯಲ್ಲ ಅವಳು. ಇದಾಗಿ ಹನ್ನೆರಡು ವರ್ಷ. ಅವಳಪ್ಪ ತೀರಿಕೊಂಡು ಮೂರು ವರ್ಷ.

ನಾಲ್ಕು ಪುಟ ಕೊಟ್ಟ ಮುಂದಿನ ವಾರ ಡಾಕ್ಟರು ನನ್ನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡುತ್ತಿದ್ದರು. ಸೂಜಿ ಕೊಟ್ಟು ಬಾಯಿ ಜೋಮು ಹಿಡಿದಿತ್ತು. "ಒಂದು ಕೇಳ್ಲಾ? ಆ ಕಥೆ ನಿಜಾನಾ?" ಎಂದರು. ಮಾತಾಡಲು ಆಗುತ್ತಿರಲಿಲ್ಲ. ಹೌದೆಂದು ತಲೆ ಆಡಿಸಿದೆ. ಕಣ್ಣಲ್ಲಿ ನೀರು ಬಂತು. ಬಾಯಿ ಸರಿಹೋದ ಮೇಲೆ, "ಆ ಗೆಳತಿ ನಮ್ಮ ಬಿಲ್ಲುಗಾತಿನೇ. ಯಾರ್ಗೂ ಹೇಳ್ಬೇಡಿ ಡಾಕ್ಟ್ರೇ. ಟೈಮ್ ನೋಡಿ ನಾನೇ ಅವ್ಳಿಗೆ ಹೇಳ್ತೀನಿ" ಎಂದೆ.

"ಛೆ ಛೆ, ಪೇಷೆಂಟ್ ಹೇಳಿದ್ದು ಈ ಕುರ್ಚಿ ಬಿಟ್ಟು ಆಚೆ ಹೋಗಲ್ಲ ಕಣ್ರೀ" ಎಂದು ನಕ್ಕರು. ಅಂದು ಮನೆಗೆ ಬರುವಾಗ ಎಷ್ಟೋ ವರ್ಷಗಳ ಮೇಲೆ ಮನಸ್ಸು ಹಗುರವಾಗಿತ್ತು.

ಆಮೇಲೆ ಒಂದೂವರೆ ತಿಂಗಳಿಗೆ ಆ ಭಾನುವಾರ ಬಂತು. ಕಥೆಯಲ್ಲಿ ನಾವು ಒಂದು ಹೊಳೆ ದಾಟಬೇಕಿತ್ತು. ದಡದಲ್ಲಿ ಒಬ್ಬ ಮುದುಕ ದೋಣಿ ಇಟ್ಟುಕೊಂಡು ಕೂತಿದ್ದಾನೆ ಎಂದರು ಡಾಕ್ಟರು. ಮುದುಕನ ಮಾತನ್ನು ಅವರೇ ಆಡುತ್ತಿದ್ದರು. ಆವತ್ತು ದನಿ ತಗ್ಗಿಸಿ, ನಮ್ಮ ಕಡೆಯ ರೈತರ ಹಾಗೆ ಆಡಿದರು.

"ನೀನು ಹಾಡೋಳಾ ತಾಯಿ? ನನ್ ಮಗ್ಳೂ ಹಾಡೋಳು. ಅರಮನೆಗೆ ಹೋಗೋದು ಬ್ಯಾಡ ಅಂತ ನಾನಂದೆ ಅಂತ ಯಾರೋ ಯೋಳುದ್ರಂತೆ. ನಾನು ಅಂಗೆ ಅಂದೇ ಇರ್ನಿಲ್ಲ ಕಣವ್ವ."

ಡಾಕ್ಟರನ್ನು ನೋಡಿದೆ. ಅವರು ಕೈಯಲ್ಲಿದ್ದ ಹಾಳೆ ನೋಡುತ್ತಿದ್ದರು. ಗೆಳತಿಗೆ ಇದು ಹೊಳೆಯದೇ ಇದ್ದರೆ ಸಾಕು ಎಂದುಕೊಂಡು ಅವಳ ಕಡೆ ತಿರುಗಿದೆ. ಅವಳು ಆಗಲೇ ನನ್ನನ್ನು ನೋಡುತ್ತಿದ್ದಳು. ಆಶ್ಚರ್ಯಪಟ್ಟವರ ಮುಖವಲ್ಲ ಅದು. ಬಹಳ ಹೊತ್ತಿನಿಂದ ಕಾದು ಕೂತವರ ಮುಖ.

"ಹೇಳು ಹಾಡುಗಾತಿ, ಯಾರು ಹೇಳಿದ್ದು ಅಂತ ನಿಂಗೊತ್ತಾ?" ಎಂದಳು.

ಡ್ರೈವರಿಗೆ ಮಾತ್ರ ಏನೂ ಗೊತ್ತಿರಲಿಲ್ಲ. "ಏ ಅಜ್ಜೋ, ನಿನ್ ಮನೆ ಇಸ್ಯ ಆಮೇಕ್ ಆಗ್ಲಿ, ದೋಣಿ ಕೊಡು ಮೊದ್ಲು" ಎಂದು ಅವಲಕ್ಕಿ ತಿನ್ನುತ್ತಾ ಕೂತಿದ್ದ.

"ಹಾಡುಗಾತಿ ಮುದುಕನಿಗೆ ಏನು ಹೇಳ್ತಾಳೆ? ಒಪ್ಪಿಸ್ಬೇಕು. ದಾಳ ಹಾಕಿ" ಎಂದರು ಡಾಕ್ಟರು.

ಎದ್ದು ಹೋಗಬಹುದಿತ್ತು. ಯಾಕೋ ಹೋಗಲಿಲ್ಲ. "ತಪ್ಪಾಯ್ತು ಅಂತ ಹೇಳ್ತಾಳೆ" ಎಂದು ದಾಳ ಹಾಕಿದೆ. ಹತ್ತೊಂಬತ್ತು ಬಿತ್ತು. ಅದಕ್ಕೆ ಹಾಡುಗಾತಿಯ ಮಾತಿನ ಬಲದ ಅಂಕಿ ಸೇರಿಸಿದರೆ ಯಾವ ಕಲ್ಲಾದರೂ ಕರಗಬೇಕು. "ಅದು ನಮ್ಮಕ್ಕ ಅಂದ್ರೆ!" ಎಂದು ಡ್ರೈವರ್ ಮೇಜು ಗುದ್ದಿದ.

ಗೆಳತಿ ಪೆನ್ಸಿಲ್ ಕೆಳಗಿಟ್ಟಳು. "ಆ ಮುದುಕನಿಗೆ ಇಷ್ಟು ಸಾಕಾಗ್ಬೋದು" ಎಂದಳು. ಬ್ಯಾಗು ತೆಗೆದುಕೊಂಡು ಮೆಟ್ಟಿಲಿಳಿದು ಹೋದಳು.

ಡ್ರೈವರ್ ನಮ್ಮಿಬ್ಬರ ಮುಖ ನೋಡಿ, "ಏನಾಯ್ತಕ್ಕ?" ಎಂದ. ನಾನು ಹೊರಗೆ ಬಂದಾಗ ಡಾಕ್ಟರು ಹಿಂದೆಯೇ ಬಂದರು.

"ಬೇಜಾರ್ ಮಾಡ್ಕೋಬೇಡಿ. ಮೂರು ವಾರದ ಹಿಂದೇನೇ ಅವರಿಗೆ ಹೇಳ್ದೆ. ನೀವಾಗಿ ನೀವು ಹೇಳ್ತಿರ್ಲಿಲ್ಲ. ಆಟದೊಳಗೆ ಆದ್ರೆ ಮಾತಾಡೋದು ಸುಲಭ ಅಂತ ನಾವಿಬ್ರೂ ಸೇರಿನೇ ಈ ಸೀನು ಮಾಡಿದ್ವಿ. ಇಬ್ರಿಗೂ ಒಳ್ಳೇದಾಗ್ಲಿ ಅಂತ ಅಷ್ಟೇ ಕಣ್ರೀ."

"ನನ್ನ ಪುಟ ಕೊಡಿ" ಎಂದೆ. ಒಳಗೆ ಹೋಗಿ ತಂದುಕೊಟ್ಟರು. ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ 'ಹೊಳೆ, ಮುದುಕ' ಎಂದು ಬರೆದುಕೊಂಡಿದ್ದರು.

ಬಸ್ಸಿನಲ್ಲಿ ಕೂತಾಗ ತಲೆಯಲ್ಲಿ ಓಡುತ್ತಿದ್ದುದು ಆ ಮೂರು ವಾರ. ಅದರ ನಡುವೆ ಒಂದು ದಿನ ಗೆಳತಿ ಅಮ್ಮನನ್ನು ನೋಡಲು ಮಿರ್ಲೆಗೆ ಹೊರಟವಳು ನನ್ನ ಪಾರ್ಲರಿಗೆ ಬಂದು ಹುಬ್ಬು ತೀಡಿಸಿಕೊಂಡಿದ್ದಳು. ಕಣ್ಣು ಮುಚ್ಚಿ, ಎರಡು ಬೆರಳಲ್ಲಿ ರೆಪ್ಪೆ ಎಳೆದು ಹಿಡಿದು, ಕುರ್ಚಿಯಲ್ಲಿ ಒರಗಿದ್ದಳು. ನಾನು ಹಲ್ಲಲ್ಲಿ ದಾರ ಕಚ್ಚಿಕೊಂಡು ಅವಳ ಮುಖದ ಮೇಲೆ ಬಗ್ಗಿದ್ದೆ. ನನ್ನ ಉಸಿರು ಅವಳಿಗೆ ತಾಗುತ್ತಿತ್ತು. ಆಗ ಅವಳಿಗೆ ಎಲ್ಲಾ ಗೊತ್ತಿತ್ತು. "ನೋವಾಯ್ತೇನೇ?" ಎಂದು ಕೇಳಿದ್ದಕ್ಕೆ, "ಇಲ್ಲ ಕಣೆ" ಎಂದಿದ್ದಳು. ಹೋಗುವಾಗ ಅಮ್ಮನಿಗೆಂದು ತಂದಿದ್ದ ಚಕ್ಕುಲಿಯಲ್ಲಿ ನಾಲ್ಕು ನನಗೆ ಕೊಟ್ಟಿದ್ದಳು.

ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಿಲ್ಲ ಎಂದು ಗೊತ್ತಿತ್ತು. ಆದರೂ ಸಿಟ್ಟು ಬಂತು. ಅದನ್ನೆಲ್ಲ ಡಾಕ್ಟರ ಮೇಲೆ ಹಾಕಿದೆ. ಅವರ ನಂಬರ್ ಬ್ಲಾಕ್ ಮಾಡಿದೆ.

ಹದಿನೈದು ದಿನ ಬಿಟ್ಟು ಪಿರಿಯಾಪಟ್ಟಣಕ್ಕೆ ಹೋದೆ. ಸ್ಕೂಲು ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿದ್ದೆ. ಅವಳು ನನ್ನನ್ನು ನೋಡಿ ಓಡಲಿಲ್ಲ, ನಗಲೂ ಇಲ್ಲ. ಎದುರಿನ ಬೇಕರಿಗೆ ಹೋಗಿ ಕೂತೆವು. "ತಪ್ಪಾಯ್ತು ಕಣೆ" ಎಂದೆ.

"ಹಾಡಿಂದು ಬುಡು" ಎಂದಳು. "ನಾನು ಹೋಗಿದ್ರೂ ಬಹುಮಾನ ಬತ್ತಿತ್ತೋ ಇಲ್ವೋ. ಆವತ್ತಿಂದ ಮನೇಲಿ ಹಾಡೋದೇ ನಿಲ್ಲಿಸ್ದೆ. ಒಂದಿನ ಅಪ್ಪ ಗದ್ದೆಯಿಂದ ಬಂದು ಕಾಲು ತೊಳೀತಾ, 'ಯಾಕವ್ವ ಹಾಡೋದೇ ಬುಟ್ಬುಟ್ಟೆ?' ಅಂದ್ರು. ಹೆಂಗೆ ನಾಟಕ ಆಡ್ತಾರೆ ನೋಡು ಅಂದ್ಕೊಂಡು ಉತ್ತರ ಕೊಡ್ದೆ ಒಳಗೆ ಹೋದೆ. ಆಮೇಲೆ ಅವ್ರು ಕೇಳ್ಲೇ ಇಲ್ಲ. ಆಸ್ಪತ್ರೇಲಿ ಇದ್ದಾಗ್ಲೂ ನಾನು ಅವ್ರ ಜೊತೆ ಸರಿಯಾಗಿ ಮಾತಾಡಿಲ್ಲ."

ಟೀ ಆರಿತ್ತು.

"ನೀನೇ ಬಂದು ಹೇಳಿದ್ರೆ ಆಯ್ತಿತ್ತು" ಎಂದಳು ಕೊನೆಗೆ.

"ಹೇಳ್ಬೇಕು ಅಂತಾನೇ ಇದ್ದೆ. ಅಷ್ಟ್ರಲ್ಲಿ ಅವ್ರು..."

"ಹನ್ನೆರಡು ವರ್ಷ ಇತ್ತಲ್ಲೇ."

ಡಾಕ್ಟರು ಹೇಳದೇ ಇದ್ದಿದ್ದರೆ ನಾನು ಹೇಳುತ್ತಿದ್ದೆನೇ? ಈಗಲೂ ಗೊತ್ತಿಲ್ಲ. ಅದು ಗೊತ್ತಾಗುವ ದಾರಿಯನ್ನೇ ಅವರು ಮುಚ್ಚಿಬಿಟ್ಟರು. ಅದಕ್ಕೇ ಅವರನ್ನು ಕ್ಷಮಿಸಲು ಆಗುತ್ತಿಲ್ಲ.

ಕೆಲವು ತಿಂಗಳ ಮೇಲೆ ಡ್ರೈವರ್ ಫೋನ್ ಮಾಡಿದ. "ಅಕ್ಕೋ, ಹೊಸಬ್ರು ಒಬ್ರು ಸೇರ್ಕಂಡವ್ರೆ. ನಿಮ್ ಹಾಡುಗಾತಿನೇ ಅವ್ರಿಗೆ ಕೊಟ್ಟವ್ರೆ. ಚೆನ್ನಾಗಿಲ್ಲ ಕಣಕ್ಕ, ಹಾಡೋಕೇ ಬರಲ್ಲ" ಎಂದ. ಗೆಳತಿ ಬರುತ್ತಾಳಾ ಎಂದು ಕೇಳಿದೆ. "ಬತ್ತಾರೆ, ಒಂದು ವಾರಾನೂ ತಪ್ಸಲ್ಲ" ಎಂದ.

ಹೋದ ತಿಂಗಳು ಅವಳೇ ಫೋನ್ ಮಾಡಿದ್ದಳು. ನಾದಿನಿಯ ಮದುವೆಯಂತೆ, ಹೆಣ್ಣಿಗೆ ಅಲಂಕಾರ ಮಾಡಲು ಬರುತ್ತೀಯಾ ಎಂದಳು. ಬರುತ್ತೇನೆ ಎಂದೆ. ಮುಹೂರ್ತ ಎಷ್ಟು ಹೊತ್ತಿಗೆ, ಜಡೆಗೆ ಮೊಗ್ಗು ಅವರು ತರುತ್ತಾರೋ ನಾನು ತರಬೇಕೋ ಎಂದು ಕೇಳಿಕೊಂಡೆ. ಆಟದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.