ಆಯ್ತಪ್ಪನ ಎಡಗೈ

ಆ ಬೀದಿಯಲ್ಲೊಬ್ಬ ಟೈಲರ್ ಇದ್ದ. ಯಾರು ಏನೇ ಕೇಳಲಿ, "ಆಯ್ತಪ್ಪ" ಅನ್ನುತ್ತಿದ್ದ. ಕೊನೆಗೆ ಅದೇ ಅವನ ಹೆಸರಾಗಿ ಹೋಯಿತು. "ನಾಳೆನೇ ಬೇಕು" ಅಂದರೂ ಆಯ್ತಪ್ಪ, "ಪ್ಯಾಂಟು ಮೈಗೆ ಅಂಟ್ಕೊಂಡಿರ್ಬೇಕು" ಅಂದರೂ ಆಯ್ತಪ್ಪ. ಮಾಡುವುದು ಮಾತ್ರ ತನಗೆ ಸರಿ ಕಂಡಿದ್ದೇ. ಎರಡು ಬೆರಳು ಸಡಿಲ ಬಿಟ್ಟೇ ಬಟ್ಟೆ ಕತ್ತರಿಸುತ್ತಿದ್ದ.

ಹೆಂಡತಿ ಇದ್ದಾಗ ಮಗಳಿಗೆ ಹೇಳುತ್ತಿದ್ದಳು: "ನಿಮ್ಮಪ್ಪನ ಬಾಯಿ ನಂಬ್ಬೇಡ ಕಣೇ, ಕೈ ನೋಡು." ಪಕ್ಕದಲ್ಲಿ ಕೂತು ಗುಂಡಿ ಹಾಕುತ್ತ ಬೆಳೆದ ಮಗಳಿಗೆ ಅದು ಚೆನ್ನಾಗಿ ಗೊತ್ತಿತ್ತು.

ಒಂದು ದಿನ ಲಕ್ವ ಹೊಡೆಯಿತು. ಮಾತು ಹೋಯಿತು, ಬಲಗೈ ಬಿತ್ತು. ಅಂಗಡಿ ಕೋಣೆಯಲ್ಲೇ ಮಂಚ ಹಾಕಿದರು. ಎಡಗೈಯಲ್ಲಿ ಹೊಲಿಗೆ ಮಷೀನಿನ ಚಕ್ರ ಹಿಡಿದುಕೊಂಡರೇ ಅವನಿಗೆ ನಿದ್ದೆ.

ಅಳಿಯನ ಕಣ್ಣು ಆ ಕೋಣೆಯ ಮೇಲೆ. ಬಾಡಿಗೆಗೆ ಕೊಡಬಹುದಲ್ಲ! ಮಾವನನ್ನು ವೃದ್ಧಾಶ್ರಮಕ್ಕೆ ಸೇರಿಸಲು ಹೋದ. ಅಲ್ಲಿನವರು ಮಾತ್ರ, ಹಿರಿಯರೇ ಒಪ್ಪಬೇಕು ಅಂದುಬಿಟ್ಟರು. ಅಳಿಯ ಅಂಗೈಯಗಲದ ಪೆಟ್ಟಿಗೆಯಂಥ ಒಂದು ಕಂಪ್ಯೂಟರ್ ತಂದ. ಮಾವ ಗಿರಾಕಿಗಳಿಗೆ ಫೋನಿನಲ್ಲಿ ದನಿ ಮುದ್ರಿಸಿ ಕಳಿಸಿದ್ದ ಮಾತನ್ನೆಲ್ಲ ಅದಕ್ಕೆ ಉಣ್ಣಿಸಿದ್ದ.

"ಮಾವನ ಮನಸ್ಸನ್ನೇ ಇದ್ರಲ್ಲಿ ಇಳಿಸಿದೀನಿ ನೋಡು."

"ಮನಸ್ಸು ಪೆಟ್ಟಿಗೇಲಿ ಕೂರುತ್ತೇನ್ರೀ?"

"ಕೇಳಿ ನೋಡು, ಗೊತ್ತಾಗುತ್ತೆ."

"ಅಪ್ಪ, ಚಳಿ ಆಗ್ತಿದೆಯಾ?"

"ಇಲ್ಲ ಕಣಮ್ಮ, ಆರಾಮಾಗಿದೀನಿ." ಪೆಟ್ಟಿಗೆಯಿಂದ ಬಂದದ್ದು, ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಆಡುತ್ತಿದ್ದ ಅದೇ ದನಿ. ಮಂಚದ ಮೇಲೆ ಅಪ್ಪ ಗಡಗಡ ನಡುಗುತ್ತಿದ್ದ. ಮಗಳು ಹೊದಿಕೆ ಎಳೆದು ಹೊದಿಸಿದಳು.

ಆಶ್ರಮದ ಮೇಡಂ ಬಂದರು. "ತಾತ, ನಮ್ಮಲ್ಲಿಗೆ ಬರ್ತೀರಾ?"

ಎಡಗೈ ಮಂಚವನ್ನು ದಬದಬ ಗುದ್ದಿತು. ಮಷೀನಿನ ಚಕ್ರ ಹಿಡಿದು ಎಳೆಯಿತು.

"ಏನಂತಾರಮ್ಮ?"

ಮಗಳು ಆ ಕೈಯನ್ನು ನೋಡಿದಳು. ಚೆನ್ನಾಗಿಯೇ ನೋಡಿದಳು. ಆಮೇಲೆ, "ಅಪ್ಪನ ಮಾತೆಲ್ಲ ಈಗ ಇದ್ರಲ್ಲೇ" ಅಂತ ಪೆಟ್ಟಿಗೆಯ ಗುಂಡಿ ಒತ್ತಿದಳು.

"ಆಯ್ತಪ್ಪ. ನಿಮಗೆ ಹೇಗೆ ಅನುಕೂಲವೋ ಹಾಗೆ."

"ಅಯ್ಯೋ, ಎಂಥ ಒಳ್ಳೆ ಜೀವ!" ಅಂದರು ಮೇಡಂ.

ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸುವಾಗ ಅವನು ಮಗಳ ಕುರ್ತಾದ ಅಂಚು ಹಿಡಿದ. ಅವನೇ ಹೊಲಿದ ಕುರ್ತಾ, ಹೊಲಿಗೆ ಬಿಡಲಿಲ್ಲ. ಅಳಿಯನೇ ಒಂದೊಂದಾಗಿ ಬೆರಳು ಬಿಡಿಸಬೇಕಾಯಿತು. "ನರ ಎಳೀತದೆ, ಅಷ್ಟೇ" ಅಂದ.

ಈಗ ಆಶ್ರಮದಲ್ಲಿ ಎಲ್ಲರಿಗೂ ಅವನೆಂದರೆ ಅಚ್ಚುಮೆಚ್ಚು. ತಕರಾರಿಲ್ಲದ ಮನುಷ್ಯ! ಊಟ ಅರ್ಧವಾಗುವಷ್ಟರಲ್ಲಿ ಆಯಾ ಬರುತ್ತಾಳೆ.

"ಸಾಕಾ ತಾತ?"

"ಆಯ್ತಪ್ಪ" ಅನ್ನುತ್ತದೆ ತಲೆದಿಂಬಿನ ಪಕ್ಕದ ಪೆಟ್ಟಿಗೆ.

ತಟ್ಟೆ ತೆಗೆಯುವಾಗ ಅವಳು ಸ್ವಲ್ಪ ಜೋರಾಗಿ ಎಳೆಯಬೇಕು. ಆ ಎಡಗೈ ಅಂಚು ಬಿಡುವುದಿಲ್ಲ.