ಅವ್ವನಿಗೆ ಗೊತ್ತಿದ್ದ ಮನೆ

ಅವ್ವನಿಗೆ ಮರೆವು ಶುರುವಾದಾಗ ನಾನು ಕಂಪ್ಲಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಅವಳು ಸಂಡೂರಿನಲ್ಲಿ ಅಣ್ಣನ ಜೊತೆಗಿದ್ದಳು. ಅಣ್ಣ, ಅತ್ತಿಗೆ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಆದರೆ ಬಚ್ಚಲಿಗೆಂದು ಹೊರಟವಳು ದೇವರ ಕೋಣೆಯಲ್ಲಿ ಹೋಗಿ ನಿಂತುಬಿಡುತ್ತಿದ್ದಳು.

ಒಂದು ದಸರಾ ರಜೆಯಲ್ಲಿ ಮನೆಯನ್ನೇ ಅವಳಿಗೆ ತಕ್ಕಂತೆ ಮಾಡಲು ಹೊರಟೆ. ಬಚ್ಚಲ ಬಾಗಿಲಿಗೆ ದಟ್ಟ ಹಳದಿ ಬಳಿದು ಮೇಲೊಂದು ಚೊಂಬಿನ ಚಿತ್ರ ಬರೆದೆ. ಬೀರುವಿನ ಸೀರೆಗಳನ್ನು ಕಣ್ಣಿಗೆ ಕಾಣುವಂತೆ ಹಗ್ಗದ ಮೇಲೆ ಹಾಕಿದೆ. ಹಾಸಿಗೆಯಿಂದ ಬಚ್ಚಲಿನವರೆಗೆ ಗೋಡೆಗುಂಟ ಬಿದಿರಿನ ಗಳ ಕಟ್ಟಿಸಿದೆ. ವಾರದೊಳಗೆ ಅವ್ವ ಗಳ ಹಿಡಿದು ತಾನೇ ಹೋಗಿಬರತೊಡಗಿದಳು; ಬರುವಾಗ ಗೆದ್ದವಳಂತೆ ಅತ್ತಿಗೆಯ ಕಡೆ ನೋಡುತ್ತಿದ್ದಳು.

ಆಗ ಅಣ್ಣನ ಲಾರಿಗಳು ಅದಿರು ಹೊರುತ್ತಿದ್ದ ಕಾಲ. ಓಣಿಯ ಹಳೆಯ ಮಣ್ಣಿನ ಮಾಳಿಗೆ ಮನೆಗಳು ಒಂದೊಂದಾಗಿ ಗ್ರಾನೈಟ್ ಹೊದ್ದುಕೊಳ್ಳುತ್ತಿದ್ದವು. ನನಗೆ ಅಳುಕು.

"ಅವ್ವ ಇರೋತನಕ ಈ ಮನಿಗೆ ಕೈ ಹಚ್ಚಬ್ಯಾಡ," ಅಂದೆ.

"ನಿನ್ನಾಣಿಗೂ ಹಚ್ಚಂಗಿಲ್ಲ, ತಂಗಿ," ಅಂದ.

ಬೇಸಿಗೆಯಲ್ಲಿ ಅವನೇ ಫೋನ್ ಮಾಡಿದ. "ಇಲ್ಲಿ ಧೂಳು ಭಾಳ ಆಗೇತಿ, ಅವ್ವಗ ಕೆಮ್ಮು. ಎರಡು ತಿಂಗಳು ನಿನ್ನ ಹತ್ರ ಇಟ್ಕೋ."

ಅವ್ವ ಒಲ್ಲೆ ಅಂದಳು. "ನಿನ್ನ ಮನಿ ಎಲ್ಲಿಗೂ ಹೋಗಂಗಿಲ್ಲ, ಬಾರವ್ವ," ಎಂದು ನಾನೇ ಪುಸಲಾಯಿಸಿ ಬಸ್ಸು ಹತ್ತಿಸಿದೆ.

ಜೂನ್‌ನಲ್ಲಿ ಕರೆದುಕೊಂಡು ಬಂದಾಗ ಹೊರಗೋಡೆ ಮಾತ್ರ ಹಳೆಯದು. ಒಳಗೆ ಕನ್ನಡಿಯಂತೆ ಹೊಳೆಯುವ ಕರಿ ಗ್ರಾನೈಟ್, ಒಂದೇ ಬಣ್ಣದ ಐದು ಬಾಗಿಲು. ಅವ್ವ ಹೊಸ್ತಿಲಲ್ಲೇ ಸೀರೆ ಎತ್ತಿಕೊಂಡು ನಿಂತಳು. "ಒಳಗ ನೀರು ತುಂಬೇತಿ," ಅಂದಳು. ಕೈಹಿಡಿದು ನಡೆಸಬೇಕಾಯಿತು.

"ನೀ ಆಣಿ ಮಾಡಿದ್ದಿಯಲ್ಲ?" ಎಂದು ಅಣ್ಣನನ್ನು ಕೇಳಿದೆ.

"ಎಲ್ಲಾರ ಮನೀನೂ ಹಿಂಗ ಆಗ್ಯಾವ. ಕಂಪನಿ ಮಂದಿ ಬಂದ್ರ ನಿನ್ನ ಬಿದಿರಿನ ಗಳ ತೋರಸ್ಲೇನು?" ಅಂದ. ಧೂಳು, ಕೆಮ್ಮು ಎಲ್ಲ ನೆಪ ಎಂದು ಆಗ ತಿಳಿಯಿತು.

ಅಂದು ಮಧ್ಯಾಹ್ನ ಅವ್ವ ಮೂರು ಬಾಗಿಲು ತೆರೆದು ನೋಡಿ, ನಾಲ್ಕನೆಯದರ ಮುಂದೆ ಸೀರೆ ಒದ್ದೆ ಮಾಡಿಕೊಂಡಳು. ಒರೆಸಲು ಬಗ್ಗಿದ ನನ್ನ ಮುಂಗೈ ಹಿಡಿದಳು. "ಇದಕ್ಕೇನು ನನ್ನ ಕರ್ಕೊಂಡು ಹೋಗಿದ್ದು? ಇಬ್ರೂ ಮಾತಾಡ್ಕೊಂಡು ಮಾಡೀರಿ."

"ನನಗ ಗೊತ್ತಿರಲಿಲ್ಲಬೇ," ಅಂದೆ. ನಂಬಲಿಲ್ಲ. ಅಣ್ಣ ನನಗೆ ಮಾಡಿದ ಮೋಸವನ್ನು ಅವಳ ಲೆಕ್ಕದಲ್ಲಿ ನಾನು ಅವಳಿಗೆ ಮಾಡಿದ್ದೆ.

ಇದು ತನ್ನ ಮನೆಯೇ ಅಲ್ಲವೆಂದು ಹೊರಗೆ ಕೂತವಳನ್ನು ಮರುದಿನವೇ ಕಂಪ್ಲಿಗೆ ಕರೆತಂದೆ. ನನ್ನ ಎರಡು ಕೋಣೆಗೆ ಚಾಪೆ ಹಾಸಿ, ಬಚ್ಚಲ ಬಾಗಿಲನ್ನೇ ಕಳಚಿ ಪರದೆ ಕಟ್ಟಿದೆ. ಮಂಚದಿಂದ ನೇರ ಕಾಣುತ್ತಿತ್ತು, ತಾನೇ ಹೋಗುತ್ತಿದ್ದಳು. ಬೆಳಿಗ್ಗೆ ಉಂಡಿದ್ದು ಸಂಜೆಗೆ ಮರೆಯುವ ಅವ್ವ ನಾನು ಬಸ್ಸು ಹತ್ತಿಸಿದ್ದೊಂದನ್ನು ಮಾತ್ರ ಮರೆಯಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಮಂಚದ ಕಾಲು ಬಿಗಿಯಾಗಿ ಹಿಡಿಯುತ್ತಿದ್ದಳು. "ನೀ ಕರ್ಕೊಂಡು ಹೋಗ್ತಿ, ಹಿಂದ ಮನಿ ಕೆಡವ್ತಾರ."

ಕೊನೆಗೆ ಡಾಕ್ಟರೇ ಮನೆಗೆ ಬರಬೇಕಾಯಿತು. ಆಮೇಲೆ ಬದುಕಿದ್ದ ಎರಡು ವರ್ಷವೂ ಅವ್ವ ನನ್ನ ಜೊತೆ ಎಲ್ಲಿಗೂ ಬರಲಿಲ್ಲ.